ನಮ್ಮತ್ತೆ ಬೀಳ್ಕೊಡುವ ಪರಿ

ಚರಿತ್ರೆಯಲ್ಲಿ ಕೋಟೆ ಗೆದ್ದವರಿದ್ದಾರೆ, ರಾಜ್ಯ ಕಟ್ಟಿದವರಿದ್ದಾರೆ. ಆದರೆ ಅತಿಥಿಯನ್ನು ಬೀಳ್ಕೊಡುವುದರಲ್ಲಿ ನಮ್ಮತ್ತೆ ತೊಮೆಯವರಿಗೆ ಸರಿಸಾಟಿಯಾದವರು ನಮ್ಮ ಅಕಿತಾ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಹೊರಟವರು ಕಣ್ಮರೆಯಾಗುವ ತನಕ ಬಾಗಿಲಲ್ಲಿ ನಿಂತು ಬಾಗಿ ನಮಿಸುವುದು ನಮ್ಮಲ್ಲಿ ಎಲ್ಲ ಮನೆಗಳಲ್ಲೂ ಉಂಟು. ಆದರೆ ಬೇರೆಯವರ ಮನೆ ಮುಂದಿನ ರಸ್ತೆ ಎಲ್ಲೋ ಒಂದು ಕಡೆ ತಿರುಗುತ್ತದೆ. ನಮ್ಮದು ಗದ್ದೆಗಳ ನಡುವೆ ಬಸ್ ನಿಲ್ದಾಣದ ತನಕ ಗೀಟು ಎಳೆದ ಹಾಗೆ ನೆಟ್ಟಗಿದೆ. ಅತ್ತೆ ಕದಲುವುದಿಲ್ಲ. ಆದ್ದರಿಂದ ಹೋಗುವವರು ಮತ್ತೆ ಮತ್ತೆ ತಿರುಗಿ ಬಾಗಬೇಕು. ಅವರು ಬಾಗಿದ್ದಕ್ಕೆ ಇವರು ಬಾಗುತ್ತಾರೆ, ಇವರು ಬಾಗಿದ್ದಕ್ಕೆ ಅವರು. ವಿಮೆ ಏಜೆಂಟನೊಬ್ಬ ಹೀಗೆ ಹಿಂದುಹಿಂದಕ್ಕೆ ನಡೆಯುತ್ತ ಕಾಲುವೆಗೆ ಬಿದ್ದ. (ಅತ್ತೆ ಕಾಲುವೆಯ ಕಡೆಗೂ ಬಾಗಿದರು.)

ನಾನು ಈ ಮನೆಯ ಮನೆಯಳಿಯ. ಹೆಂಡತಿಯ ಮನೆತನದ ಹೆಸರನ್ನೇ ಹೊತ್ತವನು, ಮನೆಗೆಲ್ಲ ಒಂದೇ ಆದ ಸ್ನಾನದ ತೊಟ್ಟಿಯ ನೀರಿಗೆ ಎಲ್ಲರ ನಂತರ ಇಳಿಯುವವನು. ನನ್ನ ಸ್ಥಾನಮಾನ ಬೆಕ್ಕಿಗಿಂತ ತುಸು ಕೆಳಗೆ.

ಈ ಚಳಿಗಾಲದಲ್ಲಿ ಡಾಕ್ಟರು ಅತ್ತೆಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ನನ್ನನ್ನೂ ಹೆಂಡತಿ ಯೊರಿಕೊಳನ್ನೂ ಒಳಗೆ ಕರೆದು, ಹೊಟ್ಟೆಯಲ್ಲಿರುವುದು ಹುಣ್ಣಲ್ಲ ಎಂದರು. ಈ ಸಲದ ಭತ್ತ ತೆನೆ ಬಿಡುವುದನ್ನು ಅತ್ತೆ ನೋಡುವುದು ಅನುಮಾನವಂತೆ. ಇಂಥ ಮಾತನ್ನು ಮನೆಯವರಿಗೆ ಹೇಳುವುದು, ಕಾಯಿಲೆಯವರಿಗೆ ಹೇಳದಿರುವುದು ನಮ್ಮ ಕಡೆಯ ರೂಢಿ. "ಬರೀ ಹುಣ್ಣಂತಮ್ಮ" ಎಂದು ಹೇಳಿ ಮನೆಗೆ ಕರೆತಂದೆವು.

ಆಗ ನಮ್ಮ ಮನೆಯಲ್ಲಿ ಮರಿಸೋಲ್ ಇದ್ದಳು. ಚಿಲಿ ದೇಶದಿಂದ ಬಂದು, ನಮ್ಮ ಮನೆಮಗಳಂತೆ ಇದ್ದುಕೊಂಡು, ಊರಿನ ಹೈಸ್ಕೂಲಿಗೆ ಹೋಗುತ್ತಿದ್ದ ಹುಡುಗಿ. ದಿನವಿಡೀ ಅತ್ತೆಯ ಬಾಲ. ಅವಳಿಗೊಂದು ಚಟ: ಸಂತೋಷವಾದರೂ ತಬ್ಬುತ್ತಾಳೆ, ದುಃಖವಾದರೂ ತಬ್ಬುತ್ತಾಳೆ. ನಮ್ಮದೋ, ಗಂಡನ ಮೊಣಕೈ ತಾಗಿದರೆ ಹೆಂಡತಿ ಕ್ಷಮೆ ಕೇಳುವ ಊರು. ಈಗ ಅವಳು ಹೊರಡುವ ದಿನ ಹತ್ತಿರವಾಗಿತ್ತು. ಪದರಪದರ ಉಣ್ಣೆ ಬಟ್ಟೆಯೊಳಗೆ ಅತ್ತೆ ಎಂಬುವರು ಮೂಳೆಯಷ್ಟೇ ಉಳಿದಿದ್ದರು. ತಬ್ಬಿದರೆ ಹುಡುಗಿಗೆ ತಿಳಿಯುತ್ತದೆ. ಹುಡುಗಿ ಗೋಳೋ ಎಂದರೆ ಅತ್ತೆಗೆ ತಿಳಿಯುತ್ತದೆ.

"ರೀ, ಅವಳು ಹೊರಡೋವಾಗ ಅಮ್ಮನ್ನ ತಬ್ಬೋಕೆ ಬಿಡಬೇಡಿ" ಎಂದಳು ಯೊರಿಕೊ.

"ನಾನೇನು ಮಾಡ್ಲಿ? ಮಧ್ಯೆ ಗೋಡೆ ಕಟ್ಲಾ?"

"ನೀವೇ ನಿಂತ್ಕೊಳ್ಳಿ. ಇಷ್ಟು ದಪ್ಪ ಬೆಳೆದಿರೋದು ಒಂದು ದಿನಕ್ಕಾದ್ರೂ ಉಪಯೋಗಕ್ಕೆ ಬರಲಿ. ಮತ್ತೆ, ನಗ್ತಾ ಇರಿ. ನಿಮ್ಮ ಮುಖ ನೋಡಿದೋರು ಇವರ ಮನೇಲಿ ಯಾರು ಹೋದ್ರು ಅಂತ ಕೇಳ್ತಾರೆ."

ಮಾರ್ಚ್ ಕೊನೆ. ರಸ್ತೆಯ ಬದಿಯಲ್ಲಿ ಕೊಳೆಯಾದ ಹಿಮದ ರಾಶಿ. ಬೆನ್ನಿಗೆ ಚೀಲ ಏರಿಸಿಕೊಂಡ ಮರಿಸೋಲ್ ಅಂಗಳದಲ್ಲಿ ಎರಡೂ ತೋಳು ಚಾಚಿದಳು. ಕೋಟೆಯ ದ್ವಾರ ರಕ್ಷಿಸುವ ಸೇನಾಪತಿಯಂತೆ ನಾನು ಹಾರಿ ನಡುವೆ ನಿಂತೆ. ಅಪ್ಪುಗೆ ನನಗೇ ಬಿತ್ತು.

"ಅಪ್ಪಾ, ನೀವಲ್ಲ! ಅಜ್ಜಿ!"

"ನಂದೇ ಇನ್ನೊಂದ್ಸಲ ಆಗಲಿ ಮಗಳೇ!"

ಅವಳು ಎಡಕ್ಕೆ ಸರಿದರೆ ನಾನೂ ಎಡಕ್ಕೆ, ಅವಳು ಬಲಕ್ಕೆ ಬಂದರೆ ನಾನೂ ಬಲಕ್ಕೆ. ಯೊರಿಕೊ ಊಟದ ಡಬ್ಬಿಯನ್ನು ಅವಳ ಕೈಗೆ ತುರುಕಿ "ಬಸ್ಸು! ಬಸ್ಸು!" ಎಂದು ಕೂಗಿದಳು. (ಬಸ್ಸು ಇನ್ನೂ ಪಕ್ಕದೂರಿನಲ್ಲೇ ಇತ್ತು.) ಕೊನೆಗೆ ಮರಿಸೋಲ್ ನನ್ನ ಭುಜದ ಮೇಲಿಂದ ಇಣುಕಿ ಕೇಳಿಯೇಬಿಟ್ಟಳು.

"ಅಜ್ಜಿ, ಕಾಲೇಜು ಮುಗಿಸಿ ಮತ್ತೆ ಬರ್ತೀನಿ. ಕಾಯ್ತಾ ಇರ್ತೀರಾ?"

ಏನಾದರೂ ಹೇಳಬೇಕಲ್ಲ!

"ಹಹಹಾ! ಕಾಯದೆ ಇನ್ನೆಲ್ಲಿಗೆ ಹೋಗ್ತಾರೆ!" ಎಂದುಬಿಟ್ಟೆ.

ಯೊರಿಕೊ ನನ್ನ ಕಾಲು ತುಳಿದಳು. ಅತ್ತೆ ಮಾತ್ರ "ಗಾಳಿ ಜಾಸ್ತಿ ಇದೆ, ಕುತ್ತಿಗೆಗೆ ಸರಿಯಾಗಿ ಸುತ್ಕೋ" ಎಂದರು.

ಅವಳು ನಡೆದಳು, ತಿರುಗಿದಳು, ಬಾಗಿದಳು. ನಾವು ಬಾಗಿದೆವು. ಆ ರಸ್ತೆ ಅಷ್ಟು ಉದ್ದವಿದೆಯೆಂದು ನನಗೆ ಅಂದೇ ಗೊತ್ತಾದದ್ದು. ನನ್ನ ಹಲ್ಲುಗಳು ಚಳಿಗೆ ಮರಗಟ್ಟಿದವು, ಆದರೂ ನಗು ಇಳಿಸಲಿಲ್ಲ. ಕಣ್ಣಿಂದ ಏನೋ ಹರಿಯಿತು. ಹಿಮದ ಬೆಳಕು ಚುಚ್ಚಿತೆಂದುಕೊಂಡು ಒರೆಸಿಕೊಂಡೆ. ಬಸ್ಸು ಬಂದು ಅವಳನ್ನು ನುಂಗಿಕೊಂಡು ಹೋಯಿತು. ಯೊರಿಕೊ ಮುಖ ಮುಚ್ಚಿಕೊಂಡು ಒಳಗೆ ಓಡಿದಳು.

"ಈಗ ಮುಖ ಸಡಿಲ ಬಿಡಪ್ಪಾ" ಎಂದರು ಅತ್ತೆ. "ಅವಳೂ ನಾನೂ ತಬ್ಬಿಕೊಳ್ಳೋದೆಲ್ಲ ನಿನ್ನೆ ರಾತ್ರೀನೇ ಮುಗೀತು. ಉಪ್ಪಿನಕಾಯಿ ಕೋಣೇಲಿ. ಇಬ್ರೂ ಸಾಕಾಗೋಷ್ಟು ಅತ್ಕೊಂಡ್ವಿ."

"ಯಾಕಮ್ಮ ಅಳೋದು? ಬರೀ ಹುಣ್ಣು..."

"ಮದುವೆಯಾದಾಗಿಂದ ಉಪ್ಪು ಜಾಸ್ತಿ ಅಂತ ನನ್ನ ಮೂಲಂಗಿ ಉಪ್ಪಿನಕಾಯಿ ಪಕ್ಕಕ್ಕೆ ತಳ್ಳಿದೋನು ನೀನು. ಆಸ್ಪತ್ರೆಯಿಂದ ಬಂದ ದಿನ ತಟ್ಟೆ ಖಾಲಿ ಮಾಡಿ ಇನ್ನೂ ಹಾಕಿ ಅಂದೆ. ಆಮೇಲೆ ಡಾಕ್ಟರು ಬೇರೆ ಹೇಳಬೇಕಿತ್ತಾ?"

"ಮತ್ತೆ ಅವಳು... ಕಾಯ್ತಾ ಇರ್ತೀರಾ ಅಂತ..."

"ನಾನೇ ಹೇಳಿಕೊಟ್ಟಿದ್ದು. ತಬ್ಬೋಕೆ ಬರದೆ, ಏನೂ ಕೇಳದೆ ಹೋದ್ರೆ ನಿಮಗಿಬ್ರಿಗೂ ಅನುಮಾನ ಬರ್ತಿತ್ತು."

"ಎಲ್ಲಾ ಗೊತ್ತಿದ್ದೂ ನನ್ನನ್ನ ಹೀಗೆ ಕುಣಿಯೋಕೆ ಬಿಟ್ರಾ ಅಮ್ಮಾ? ಒಂದು ಮಾತು ಹೇಳಬಾರದಿತ್ತಾ?"

ಅತ್ತೆ ಖಾಲಿ ರಸ್ತೆಯ ಕಡೆಗೆ ನೋಡುತ್ತಲೇ ಹೇಳಿದರು:

"ನೀನು ಅಷ್ಟು ಕಷ್ಟಪಟ್ಟು ನಗ್ತಾ ಇದ್ದೆ. ಮಧ್ಯದಲ್ಲಿ ನಿಲ್ಲಿಸೋಕೆ ಮನಸ್ಸಾಗಲಿಲ್ಲ."