ಕಾಕಾ ಬಿಡಿಸಿದ ಬೆನ್ನುಗಳು

ನಮ್ಮ ಕಾಕಾನ ಮುಂದೆ ಯಾರೂ ನಡೆಯಬಾರದು. ನಡೆದರೆ ನಿಮ್ಮ ಬೆನ್ನು ಒಂದು ದಿನ ಅಂಚೆಯಲ್ಲಿ ನಿಮ್ಮ ಮನೆಗೇ ಬರುತ್ತದೆ!

ಸಪ್ತಾಪುರದ ಈ ನಿವೃತ್ತ ಡ್ರಾಯಿಂಗ್ ಮಾಸ್ತರ ಯಾರ ಹುಟ್ಟುಹಬ್ಬಕ್ಕೂ ಅಂಗಡಿಯ ಗ್ರೀಟಿಂಗ್ ಕಾರ್ಡ್ ಕೊಂಡವನಲ್ಲ. ವಾಟ್ಸಾಪಿನ ಹೂಗುಚ್ಛಗಳನ್ನಂತೂ ತೆರೆಯದೆಯೇ ಅಳಿಸುತ್ತಾನೆ. ಹಳೆಯ ಲಗ್ನಪತ್ರಿಕೆಗಳ ದಪ್ಪ ರಟ್ಟಿನ ಮೇಲೆ ಬಿಳಿ ಹಾಳೆ ಅಂಟಿಸಿ, ಯಾರಿಗೆ ಕಳಿಸಬೇಕೋ ಅವರದೇ ಚಿತ್ರ ಬಿಡಿಸುತ್ತಾನೆ. ಆದರೆ ಹಿಂದಿನಿಂದ!

ಮೊದಲು ಮುಖವನ್ನೇ ಬಿಡಿಸುತ್ತಿದ್ದ. ಹಳೇ ಹುಬ್ಬಳ್ಳಿಯ ನಮ್ಮ ಸೋದರತ್ತೆ ತನ್ನ ದೀಪಾವಳಿ ಕಾರ್ಡನ್ನು ನೋಡಿ ಯುಗಾದಿಯವರೆಗೆ ಮಾತು ಬಿಟ್ಟಳು. ಬೆನ್ನಿಗೆ ಸಿಟ್ಟು ಬರುವುದಿಲ್ಲ ಎಂಬ ಸತ್ಯ ಕಾಕಾನಿಗೆ ಆಗ ಹೊಳೆಯಿತು. ಅಂದಿನಿಂದ ಅವನು ಮದುವೆ ಮನೆಯಲ್ಲಿ ಕೊನೆಯ ಸಾಲಿನ ಗಿರಾಕಿ. ರಸ್ತೆಯಲ್ಲಿ ಸಿಕ್ಕರೆ ಜೊತೆಗೆ ಬರುವುದಿಲ್ಲ, ಹಿಂದೆ ಬರುತ್ತಾನೆ. ಮರ್ಯಾದೆಗೆಂದು ತಿರುಗಿದಿರೋ, ಬೈಸಿಕೊಳ್ಳುತ್ತೀರಿ.

ಇದರಲ್ಲೊಂದು ತೊಡಕಿದೆ. ತನ್ನ ಬೆನ್ನನ್ನು ತಾನು ಕಂಡವರುಂಟೇ? ನನ್ನ ಕಾರ್ಡು ಬಂದಾಗ, ಕುತ್ತಿಗೆಯನ್ನು ಹೆಗಲೊಳಗೆ ಇಳಿಸಿಕೊಂಡು ಹೊರಟ ಈ ಬಡಪಾಯಿ ಯಾರಿರಬಹುದೆಂದು ನಾನು ಬಹಳ ಹೊತ್ತು ಯೋಚಿಸಿದೆ. ಹೆಂಡತಿ ನಕ್ಕಳು. ಹಾಲು ಹಾಕಲು ಬಂದವನು ಬಾಗಿಲಿನಿಂದಲೇ, "ಸರ್, ನೀವ ಅಲ್ಲೇನ್ರಿ?" ಎಂದ. ಆಮೇಲೆ ಒಂದು ವಾರ ನಾನು ಎದೆ ಸೆಟೆಸಿ ನಡೆದೆ. ಸೊಂಟ ಹಿಡಿದದ್ದಷ್ಟೇ ಲಾಭ.

ಹೀಗೆ ಬಳಗದವರ ಬೆನ್ನುಗಳೆಲ್ಲ ಮುಗಿದರೂ ಒಬ್ಬರಿಗೆ ಮಾತ್ರ ಕಾರ್ಡು ಬಂದಿರಲಿಲ್ಲ. ಕಾಕಾನ ಹೆಂಡತಿ, ನಮ್ಮ ಕಾಕುಗೆ. ಎಲ್ಲರ ಕಾರ್ಡಿಗೂ ಮೈದಾಹಿಟ್ಟಿನ ಅಂಟು ಕುದಿಸುವವಳು ಅವಳೇ. ಒಮ್ಮೆ ಪಾತ್ರೆ ತಿರುವುತ್ತ ನನಗೆ ಹೇಳಿದಳು: "ಊರ ಮಂದಿಗೆಲ್ಲಾ ಅಂಟ ಕಾಸೂದಾತು. ನನ್ನ ಹೆಸರೀಲೆ ಒಂದರ ಬರತೈತೇನು ನೋಡೂಣು ಅಂತ ಕಾಯಾಕತ್ತೇನಿ." ನಗುತ್ತಲೇ ಹೇಳಿದಳು, ಆದರೆ ನನಗೆ ನಗು ಬರಲಿಲ್ಲ.

ಕಾಕಾನನ್ನು ನೇರವಾಗಿ ಕೇಳಿದೆ. ಅವನು ಪೆನ್ಸಿಲ್ ಕೆಳಗಿಟ್ಟ.

"ಆಕಿ ಬೆನ್ನ ನಾ ನೋಡೇ ಇಲ್ಲೋ."

ಒಲೆಯ ಮುಂದೆ ನಿಂತಾಗ ಕಂಡಿಲ್ಲವೇ ಎಂದೆ. ಒಲೆಯ ಮುಂದೆ ಎಲ್ಲರ ಬೆನ್ನೂ ಒಂದೇ, ನಡೆಯುವಾಗಿನದೇ ಖರೇ ಬೆನ್ನು ಎಂದ. ಮದುವೆಯಾದ ದಿನದಿಂದ ಅವನು ಕೊಡೆ ಹಿಡಿದು ಮುಂದೆ, ಅವಳು ಚೀಲ ಹಿಡಿದು ಹಿಂದೆ. ನಮ್ಮ ಕಡೆಯ ಗಂಡಸರ ನಡಿಗೆಯೇ ಹಾಗೆ. ಸಂಸಾರದ ಮಾತನ್ನೆಲ್ಲ ಗಾಳಿಗೆ ಹೇಳುತ್ತ ಹೋಗುತ್ತಾರೆ, ಹಿಂದಿನವಳು ಕೇಳಿಸಿಕೊಳ್ಳಬೇಕು.

ಮರುದಿನದಿಂದ ಕಾಕು ಮುಂದೆ, ಕಾಕಾ ಹಿಂದೆ. ಓಣಿ ಗಾಬರಿಯಾಯಿತು. ಕಾಕಾನ ಮೊಣಕಾಲು ಕೆಟ್ಟಿತೆಂದು ಕೆಲವರು, ಗಂಡ ಹೆಂಡತಿ ಜಗಳವಾಡಿದ್ದಾರೆಂದು ಉಳಿದವರು. ಚಿತ್ರ ಮಾತ್ರ ಆಗಲಿಲ್ಲ. ಕಾಕು ಎರಡು ಹೆಜ್ಜೆಗೊಮ್ಮೆ ತಿರುಗುತ್ತಿದ್ದಳು. ಬೆನ್ನು ನೋಡಲು ಹೋದವನಿಗೆ ದಿನವೂ ಮುಖದರ್ಶನ!

"ಹೊಳ್ಳಿ ನೋಡಬ್ಯಾಡಂದ್ರ ತಿಳಿಯೂದಿಲ್ಲೇನು?"

"ನೀವು ಬರಾಕತ್ತೀರೋ ಇಲ್ಲೋ ನೋಡಬ್ಯಾಡೇನ್ರಿ?"

ಅಂದಿನಿಂದ ಕಾಕಾ ಕೊಡೆಯ ತುದಿಯನ್ನು ರಸ್ತೆಗೆ ಟಕ್ ಟಕ್ ಎಂದು ಕುಟ್ಟುತ್ತ ನಡೆದ. ಸಪ್ಪಳ ಕೇಳುತ್ತಿದ್ದ ಕಾಕು ತಿರುಗುವುದನ್ನು ಬಿಟ್ಟಳು.

ಅವರ ಮದುವೆಯ ವಾರ್ಷಿಕೋತ್ಸವದ ಸಂಜೆ ನಾವೆಲ್ಲ ಸೇರಿದ್ದೆವು. ಕಾಕಾ ಕಾರ್ಡು ಕೊಟ್ಟ. ತಲೆಗೆ ಸೆರಗು, ಚೀಲದ ಭಾರಕ್ಕೆ ಎಡಕ್ಕೆ ವಾಲಿದ ಬೆನ್ನು. ನಮಗೆಲ್ಲ ಕೂಡಲೇ ಗೊತ್ತಾಯಿತು. ಕಾಕು ಮಾತ್ರ ಕಾರ್ಡನ್ನು ಬೆಳಕಿಗೆ ಹಿಡಿದು, "ಯಾರ್ರಿ ಈಕಿ? ಪಾಪ, ಭಾಳ ದಣದಾಳ" ಎಂದಳು.

ಯಾರೂ ನಗಲಿಲ್ಲ. ನೀನೇ ಎಂದು ಕಾಕಾ ಮೆಲ್ಲಗೆ ಹೇಳಿದ.

ಕಾಕು ಅವನ ಪೆನ್ಸಿಲ್ ತೆಗೆದುಕೊಂಡು, ಚಿತ್ರದ ಹೆಂಗಸಿನ ಪಕ್ಕದಲ್ಲಿ, ಒಮ್ಮೆಯೂ ತಲೆಯೆತ್ತದೆ ಗೀಚಿದಳು. ಇನ್ನೊಂದು ಬೆನ್ನು. ಒಂದು ಹೆಗಲು ಕೆಳಗೆ, ಅಂಗಿಯ ಕಾಲರ್ ಒಳಗೆ ಮಡಚಿದೆ, ತೋಳಿಗೆ ಕೊಡೆ. ಜನ್ಮದಲ್ಲಿ ಚಿತ್ರ ಬಿಡಿಸದ ಕೈ ಎಲ್ಲಿಯೂ ತಡವರಿಸಲಿಲ್ಲ.

ಕಾಕಾ ಕನ್ನಡಕ ಏರಿಸಿ ನೋಡಿದ, ತಿರುಗಿಸಿ ನೋಡಿದ.

"ಇಂವ ಯಾರು?"

"ನಾ ದಿನಾ ನೋಡಿಕೋತ ಬಂದಾಂವ" ಎಂದು ಕಾಕು ಅಂಟಿನ ಪಾತ್ರೆ ತೊಳೆಯಲು ಎದ್ದಳು.