ಟಗರಿನ ಚಿತ್ರದ ಬಾಟಲಿ

1978ರ ಮಾರ್ಚ್ 14, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಆದೋನಿಯಿಂದ ಎಮ್ಮಿಗನೂರಿಗೆ ಹೋಗುವ ರಸ್ತೆಯ ಒಂದು ಸಣ್ಣ ದನದ ದವಾಖಾನೆಯ ಮುಂದೆ ಜೀಪು ನಿಂತಿತು. ಕುರಿಗಳ ಅಧ್ಯಯನಕ್ಕೆಂದು ಬಂದಿದ್ದ ಇಟಲಿಯ ತಜ್ಞನೊಬ್ಬ ಇಳಿದು, ಕಾಂಪೌಂಡರ್ ಜಯತೀರ್ಥಾಚಾರ್ಯರ ಕೈಗೆ ಕಡುಗೆಂಪು ಬಾಟಲಿಯೊಂದನ್ನು ಇಟ್ಟ. ಸಿಸಿಲಿಯ ಅವನ ಸ್ವಂತ ತೋಟದ ವೈನು. ಅಲ್ಲಿಯೂ ಆದೋನಿಯಂಥದೇ ಬಿಸಿಲಂತೆ. ಚೀಲದ ಗೊಬ್ಬರ ಹಾಕದೆ, ಔಷಧಿ ಹೊಡೆಯದೆ, ಬರೀ ಕುರಿಮಂದೆ ನಿಲ್ಲಿಸಿ ಬೆಳೆದ ದ್ರಾಕ್ಷಿಯಂತೆ. ಅದಕ್ಕೇ ಬಾಟಲಿಗೆ ಅಂಟಿಸಿದ ಚೀಟಿಯ ಮೇಲೆ ಕೊಂಬಿನ ಟಗರು. ಸಂಜೆ ಕರ್ನೂಲಿನಿಂದ ಬರುವ ಡೆಪ್ಯುಟಿ ಸಾಹೇಬರಿಗೆ ಇದನ್ನು ಕೊಡಬೇಕೆಂದು ಹೇಳಿ ಹೊರಟುಹೋದ.

ಆಚಾರ್ಯರನ್ನು ಅವರ ಊರು ಮಾಧವರಂಗೆ ವರ್ಗಾಯಿಸುವ ಆದೇಶಕ್ಕೆ ಸಹಿ ಹಾಕಬೇಕಾದವರೂ ಅದೇ ಸಾಹೇಬರು. ಹೆಂಡತಿ ಕಾವೇರಿಬಾಯಿ ಮಾಧವರಂನಲ್ಲಿ ಅತ್ತೆಯ ಶುಶ್ರೂಷೆಗೆ ನಿಂತಿದ್ದಳು. ಇಲ್ಲಿ ಆಚಾರ್ಯರು ತಾವೇ ಬೇಯಿಸಿದ, ಒಂದು ದಿನ ಅಂಟಿನಂತೆ, ಇನ್ನೊಂದು ದಿನ ಜಲ್ಲಿಯಂತೆ ಆಗುವ ಅನ್ನವನ್ನು ಎರಡು ವರ್ಷದಿಂದ ಉಣ್ಣುತ್ತಿದ್ದರು.

ಮದ್ಯದ ಬಾಟಲಿಯನ್ನು ಮಡಿಯ ಬುತ್ತಿಯ ಪಕ್ಕದಲ್ಲಿ ಇಡುವುದುಂಟೇ? ಎರಡು ಬೆರಳಲ್ಲಿ ಹಿಡಿದು ಔಷಧಿಯ ಬೀರುವಿನಲ್ಲಿಟ್ಟು, ಹಿತ್ತಲ ಬಾವಿಯಲ್ಲಿ ಸ್ನಾನ ಮಾಡಿ, ಬುತ್ತಿ ಉಂಡು ಬಂದರು.

ಬರುವಷ್ಟರಲ್ಲಿ ಅಂಗಳದಲ್ಲಿ ಟಗರೊಂದು ದವಾಖಾನೆಯ ಬೋರ್ಡಿಗೆ ಡಿಕ್ಕಿ ಹೊಡೆಯುತ್ತಿತ್ತು. ಪಕ್ಕದಲ್ಲಿ ಜವಾನ ದುರುಗಣ್ಣ ಔಷಧ ಕುಡಿಸುವ ಬಿದಿರಿನ ಗೊಟ್ಟ ಹಿಡಿದು, ಯುದ್ಧ ಗೆದ್ದವನಂತೆ ನಿಂತಿದ್ದ.

"ಭೀಮಕ್ಕನ ಟಗರಿಗೆ ಹೊಟ್ಟಿ ಉಬ್ಬಿತ್ರಿ ಆಚಾರ್ರೆ. ಬೀರುದಾಗ ಟಗರಿನ ಚಿತ್ರ ಇದ್ದ ಔಷಧ ಸಿಕ್ತು. ಬಿರಡಿ ಬರಲಿಲ್ಲ, ಸ್ಕ್ರೂಡ್ರೈವರಿನಿಂದ ಒಳಗ ತಳ್ಳಿ ಅಷ್ಟೂ ಹಾಕಿಬಿಟ್ಟೆ."

"ಅಷ್ಟೂ?"

"ದೊಡ್ಡ ಟಗರಲ್ರಿ!"

ಟಗರಿನ ಒಡತಿ ಭೀಮಕ್ಕ ಕೈ ಮುಗಿದಳು. "ಮಂಚಿ ಮಂದು, ಭಾಳ ಚಲೋ ಔಷಧ ಐತ್ರಿ ಸ್ವಾಮಿ! ಬೆಳಿಗ್ಗಿಂದ ನೆಲ ಹಿಡಿದಿದ್ದು ಈಗ ಮದುಮಗನಂಗ ಕುಣೀತೈತಿ. ನನ್ನ ಗಂಡಗೂ ಒಂದು ಗೊಟ್ಟ ಕೊಡ್ರಿ, ಮೂರು ದಿನದಿಂದ ಮಲಗೇ ಅದಾನ."

ಮಾಧವರಂ ಬಸ್ಸು ತಮ್ಮನ್ನು ಬಿಟ್ಟು ಹೊರಟೇಹೋದಂತೆ ಆಚಾರ್ಯರಿಗೆ ಅನಿಸಿತು. ಆದರೆ ಕೈ ಕಟ್ಟಿ ಕೂರುವಂತಿರಲಿಲ್ಲ, ಸಂಜೆಯೊಳಗೆ ಬಾಟಲಿ ಮತ್ತೆ ತುಂಬಬೇಕಿತ್ತು. ದನಗಳ ಅಜೀರ್ಣಕ್ಕೆಂದು ಇಟ್ಟಿದ್ದ ಏಲಕ್ಕಿ ಟಿಂಚರಿನ ಬಣ್ಣ ಕೆಂಪು. ಅದರಲ್ಲಿ ಮದ್ಯಸಾರವೂ ಇತ್ತು. ಕಪ್ಪು ದ್ರಾಕ್ಷಿ ತರಿಸಿ ಹಿಂಡಿದರು, ಹುಣಸೆ ಕಿವುಚಿದರು, ಎಲ್ಲವನ್ನೂ ಅಳೆದಳೆದು ಬೆರೆಸಿದರು. ಆದರೆ ರುಚಿ ನೋಡುವವರು ಯಾರು? ಆಚಾರ್ಯರು ನಾಲಿಗೆಗೆ ಸೋಕಿಸುವಂತಿಲ್ಲ.

"ಗೊಟ್ಟ ನೆಕ್ಕೀನ್ರಿ, ಅಸಲಿ ರುಚಿ ನನಗ ಗೊತ್ತೈತಿ," ಎಂದು ದುರುಗಣ್ಣ ಮುಂದೆ ಬಂದ.

ಮೊದಲ ಗುಟುಕಿಗೆ, "ಹುಳಿ ಸಾಲದ್ರಿ." ಎರಡನೆಯದಕ್ಕೆ, "ಒಗರು ಬೇಕ್ರಿ." ಆಚಾರ್ಯರು ದಾಳಿಂಬೆ ಸಿಪ್ಪೆ ಅರೆದು ಹಾಕಿದರು. ಮುಂದಿನದಕ್ಕೆ, "ಸರಿ ತಿಳೀವಲ್ದು, ಇನ್ನೊಂದು ಹಾಕ್ರಿ." ಕೊನೆಗೆ ಅವನು ಟಗರಿನ ಕೊರಳು ತಬ್ಬಿ, "ಇದೇ ಅಲ್ಲೇನೋ ಮಾವಾ?" ಎಂದು ಅಳತೊಡಗಿದಾಗ, ರುಚಿ ಕೂಡಿತೆಂದು ತಿಳಿದು ಆಚಾರ್ಯರು ಬಾಟಲಿ ತುಂಬಿ, ಹೊಸ ಬಿರಡೆ ಒತ್ತಿ, ಅರಗು ಹಾಕಿದರು.

ಸಂಜೆ ಸಾಹೇಬರು ಆದೇಶದ ಮೇಲೆ ಪೆನ್ನು ಇಟ್ಟವರು, ಬಾಟಲಿ ಕಂಡು ತಡೆದರು. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಆಚಾರ್ಯರು ಮನಸ್ಸಿನಲ್ಲೇ ರಾಯರನ್ನು ನೆನೆದರು. ಸಾಹೇಬರು ಎರಡನೇ ಗುಟುಕು ಕುಡಿದರು.

"ಏಮಯ್ಯಾ ಆಚಾರ್ರೆ, ಆ ಇಟಲಿಯವ ನಿನ್ನೆ ಕರ್ನೂಲಿನಾಗೂ ನನಗ ಇದೇ ಟಗರಿನ ಚಿತ್ರದ ಬಾಟ್ಲಿ ಒಂದು ಕೊಟ್ಟಿದ್ದ. ಗಂಟಲದಾಗ ಗರಗಸ ಎಳೆದಂಗಿತ್ತು. ಇದು ಅದಲ್ಲ. ಯಾರು ಮಾಡಿದ್ದು?"

ಆಚಾರ್ಯರಿಗೆ ಒಂದು ಸುಳ್ಳೂ ಹೊಳೆಯಲಿಲ್ಲ. "ನಾ... ನಾನೇ ಸರ್. ತಪ್ಪಾತು."

ಸಾಹೇಬರು ಪೆನ್ನಿನ ಟೋಪಿ ಮುಚ್ಚಿದರು. ಆದೇಶವನ್ನು ನಿಧಾನವಾಗಿ, ಪ್ರೀತಿಯಿಂದ, ನಾಲ್ಕು ಚೂರು ಮಾಡಿದರು.

"ಇಂಥಾ ಕೈ ಇರೋರನ್ನ ಮಾಧವರಂಗ ಕಳಿಸಿ ನಾ ಏನು ಕುಡೀಲ್ರಿ? ರಿಟೈರ್ ಆಗೋತನಕ ನೀವು ಇಲ್ಲೇ!"

ಅಲ್ಲಿಯವರೆಗೆ ಆ ದವಾಖಾನೆಗೆ ತಿಂಗಳಿಗೆ ಅರ್ಧ ಲೀಟರ್ ಏಲಕ್ಕಿ ಟಿಂಚರು ಬರುತ್ತಿತ್ತು. ಏಪ್ರಿಲ್‌ನಿಂದ ಮಂಜೂರಾದದ್ದು ಎರಡೂವರೆ ಲೀಟರ್.