ಕಾಟಾ ಮೇಲೆ ನಿಂತ ರೇಡರ್

ಊಟ ಹಾಕಿ ಕಬಡ್ಡಿ ಸೋತವರು ಇಡೀ ರೋಣ ತಾಲ್ಲೂಕಿನಲ್ಲಿ ಒಬ್ಬರೇ ಇದ್ದಾರೆ. ನನ್ನ ದುರ್ದೈವ, ಅವರು ನನ್ನ ಸೋದರಮಾವ!

ಗಜೇಂದ್ರಗಡದಲ್ಲಿ ಮಾವನದು ಸೀರೆ ಅಂಗಡಿ. ಗಿರಾಕಿ ಸೆರಗಿನ ಬಣ್ಣ ಕೇಳಿದರೆ ಇವರು ಕಬಡ್ಡಿಯ ಮಾತು ತೆಗೆಯುತ್ತಿದ್ದರು. ಗಿರಾಕಿಯನ್ನು ಸಮಾಧಾನ ಮಾಡುವ ಕೆಲಸ ನನ್ನದು. ಓಣಿಯ ನೇಕಾರ ಹುಡುಗರನ್ನು ಕೂಡಿಸಿ ಒಂದು ತಂಡ ಕಟ್ಟಿದ್ದರು. ಹುಡುಗರು ಹಿಡಿಯುವುದರಲ್ಲಿ ಗಟ್ಟಿಗರು. ಆದರೆ ರೇಡಿಗೆ ಹೋದವನು ತಿರುಗಿ ಬಂದರೆ ಕೇಳಿ! ಪ್ರತಿ ವರ್ಷ ನರಗುಂದದ ಪಂದ್ಯಾವಳಿಗೆ ಹೋಗುವುದು, ಮೊದಲ ಸುತ್ತಿನಲ್ಲೇ ಸೋಲುವುದು, ಮಧ್ಯಾಹ್ನದ ಬಸ್ಸಿಗೆ ಮರಳುವುದು. ಒಂದು ಸುತ್ತು, ಬರೀ ಒಂದು ಸುತ್ತು ಗೆದ್ದದ್ದನ್ನು ನೋಡಬೇಕೆಂಬುದು ಮಾವನ ಜೀವದ ಆಸೆ.

ಊರಿಗೆ ಆಗತಾನೇ ಮೊಬೈಲು ಬಂದಿದ್ದ ಕಾಲ. ಹುಬ್ಬಳ್ಳಿಯ ಹೆಸರಾಂತ ರೇಡರ್ ತನ್ನ ತಂಡದವರ ಜೊತೆ ಜಗಳಾಡಿ ಹೊರಬಿದ್ದಿದ್ದಾನೆ, ಯಾರು ಕರೆದರೂ ಹೋಗುತ್ತಾನೆ ಎಂಬ ಸುದ್ದಿ ಮಾವನ ಕಿವಿಗೆ ಬಿತ್ತು. ಬೆಳಗಾವಿಯವರು ಕಾರು ಕಳಿಸುತ್ತಾರಂತೆ, ದಾವಣಗೆರೆಯವರು ನೌಕರಿಯನ್ನೇ ಕೊಡಿಸುತ್ತಾರಂತೆ. ಮಾವ ಅವನ ತಾಯಿಗೆಂದು ಒಂದು ಸೀರೆ ಚೀಲಕ್ಕೆ ಹಾಕಿಕೊಂಡು ಹುಬ್ಬಳ್ಳಿಗೆ ಹೊರಟೇಬಿಟ್ಟರು.

"ನಮ್ಮಂಥಾ ಸಣ್ಣ ಊರಿಗೆ ಅಂಥಾವ ಯಾಕ ಬರ್ತಾನ್ರಿ?" ಎಂದು ಅತ್ತೆ ಹಣೆ ಚಚ್ಚಿಕೊಂಡರು.

"ಊರು ಸಣ್ಣದಿದ್ರ ಏನಾತು? ನೀ ಮಾಡೂ ಹೋಳಿಗಿ ಸಣ್ಣವ ಅದಾವೇನು?"

ಅತ್ತೆ ಸೆರಗು ಕೊಡವಿ ಒಳಗೆ ನಡೆದರು.

ನಂಬಿದರೆ ನಂಬಿ, ಆತ ಬಂದ! ಸೀರೆ ಮೆಚ್ಚಿದ ತಾಯಿ "ಈ ಸಲ ಒಂದು ಪಂದ್ಯಾವಳಿ ಅವರ ಕಡೆ ಆಡಿ ಬಾ" ಎಂದು ಕಳಿಸಿದ್ದಳಂತೆ. ಪಂದ್ಯದ ದಿನ ಬೆಳಿಗ್ಗೆ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಇಳಿದ. ಸೀದಾ ನರಗುಂದಕ್ಕೆ ಕರೆದುಕೊಂಡು ಹೋಗಬೇಕೋ ಬೇಡವೋ? ಮನೆಗೆ ಬಂದವರನ್ನು ಉಣಿಸದೆ ಕಳಿಸಿದರೆ ಮಾವನಿಗೆ ನಿದ್ದೆ ಬರುವುದಿಲ್ಲವಲ್ಲ!

"ಸಾಕ್ರಿ ಕಾಕಾ, ಇವತ್ತ ತೂಕ ಮಾಡ್ತಾರ್ರಿ" ಎಂದು ಆತ ತಟ್ಟೆಗೆ ಕೈ ಅಡ್ಡ ಹಿಡಿದ. ನರಗುಂದದ ಪಂದ್ಯಾವಳಿಯಲ್ಲಿ ಗೊತ್ತು ಮಾಡಿದ ತೂಕಕ್ಕಿಂತ ಹೆಚ್ಚಿದ್ದವರನ್ನು ಕಣಕ್ಕೆ ಬಿಡುತ್ತಿರಲಿಲ್ಲ.

"ಹೋಳಿಗಿ ಹೊಟ್ಟಿಗಿ ಹೋಗತೈತಿ, ತೂಕಕ್ಕ ಯಾಕ ಹೋಗತೈತೋ ತಮ್ಮಾ!" ಎಂದು ಮಾವ ಬೆರಳಿನ ಸಂದಿಯಲ್ಲೇ ಇನ್ನೊಂದು ಇಳಿಸಿ ತುಪ್ಪ ಸುರಿದರು. ಹಿರಿಯರ ಮಾತು ಮೀರಲಾರದೆ ಆತ ಉಂಡ.

ನರಗುಂದದಲ್ಲಿ ಹತ್ತಿ ವ್ಯಾಪಾರಿಯಿಂದ ತಂದ ಕಾಟಾ, ಅಂದರೆ ತೂಕದ ಯಂತ್ರ, ಇಟ್ಟಿದ್ದರು. ಆತ ಹತ್ತಿ ನಿಂತ. ಮುಳ್ಳು ಗೆರೆ ದಾಟಿತು! ಅಂಗಿ ತೆಗೆಸಿದೆವು. ಉಡದಾರ ಬಿಚ್ಚಿಸಿದೆವು. ಬಿಸಿಲಲ್ಲಿ ಮೈದಾನದ ಸುತ್ತ ಓಡಿಸಿದೆವು. ಪಾಪ, ನೀರಿನಂತೆ ಬೆವರು ಹರಿಯಿತು, ಹೋಳಿಗೆ ಮಾತ್ರ ಕದಲಲಿಲ್ಲ. ಅಷ್ಟರಲ್ಲಿ ಸೀಟಿ ಊದಿದರು. ನಮ್ಮ ಹುಡುಗರು ವಾಡಿಕೆಯಂತೆ ಸೋತರು. ರಾಜ್ಯಕ್ಕೇ ಹೆಸರಾದ ಆಟಗಾರ ಬೇಲಿಯ ಆಚೆ ಕೂತು ಚಪ್ಪಾಳೆ ತಟ್ಟಿದ.

ತಿರುಗಿ ಬರುವ ಬಸ್ಸಿನಲ್ಲಿ ಮಾವನ ಮುಖ ನೋಡುವ ಮನಸ್ಸೂ ಯಾರಿಗೂ ಇರಲಿಲ್ಲ. ಅವರೋ ಆತನ ಮುಂದೆ ಬುತ್ತಿಯ ಗಂಟು ಬಿಚ್ಚಿ, "ಉಣ್ಣಪಾ, ಈಗೇನ ತೂಕ ಮಾಡಂಗಿಲ್ಲಲ್ಲ!" ಎಂದರು. ನನಗಂತೂ ಬಸ್ಸಿನಿಂದ ಹಾರಿಬಿಡಲೇ ಎನಿಸಿತು.

ಮುಂದೆ ಬೆಳಗಾವಿಯ ಕಾರು ಬಂತು, ಆತ ಹೋದ. ಮಾವ ಮಾತ್ರ ವರ್ಷವರ್ಷವೂ ಆತನಿಗೆ ಫೋನು ಮಾಡಿ, "ಮುಂದಿನ ವರ್ಷ ಪಕ್ಕಾ ಬರ್ತಾನ" ಎಂದು ನಮ್ಮ ತಲೆ ತಿನ್ನುತ್ತಿದ್ದರು.

ಕೆಲವು ವರ್ಷಗಳ ನಂತರ ಅವನ ಮೊಣಕಾಲು ಮುರಿಯಿತು. ಕಾರು ಕಳಿಸಿದವರು ದವಾಖಾನೆಯ ಕಡೆಗೆ ಸುಳಿಯಲಿಲ್ಲವಂತೆ. ಮಾವ ಮತ್ತೆ ಹುಬ್ಬಳ್ಳಿಗೆ ಹೊರಟರು.

"ಆಡಾಕ ಬರಲಾರದವನ್ನ ತಂದು ಏನ್ ಮಾಡ್ತೀರಿ?" ಎಂದು ನಾನೇ ಸಿಟ್ಟಿನಿಂದ ಕೇಳಿದೆ. ಸಂಜೆಗೆ ಊರುಗೋಲಿನ ಸಮೇತ ಆತನನ್ನು ಮನೆಗೆ ಕರೆತಂದರು.

ಅದೇ ಪಡಸಾಲೆ, ಅದೇ ತಟ್ಟೆ. ಆತ ತಲೆ ಎತ್ತಲಿಲ್ಲ.

"ಕಾಕಾ, ನಾ ಇನ್ನ ಆಡಂಗಿಲ್ರಿ. ನನಗ್ಯಾಕ ಇದೆಲ್ಲಾ?"

ಮಾವ ಹೋಳಿಗೆ ಹಾಕಿದರು. "ಅವತ್ತ ನಿನಗ ಸಮಾಧಾನದಿಂದ ಉಣ್ಣಾಕ ಬಿಡಲಿಲ್ಲೋ ತಮ್ಮಾ ಆ ಕಾಟಾ. ಇವತ್ತ ಹೊಟ್ಟಿ ತುಂಬ ಉಣ್ಣು. ಈ ಮನ್ಯಾಗ ನಿನ್ನ ಯಾರೂ ತೂಗಂಗಿಲ್ಲ."

ಆತ ಮೊದಲ ತುತ್ತು ಬಾಯಿಗಿಟ್ಟುಕೊಂಡು ಮಗುವಿನಂತೆ ಅತ್ತುಬಿಟ್ಟ. ಅತ್ತೆ ಆ ದಿನ ಯಾರನ್ನೂ ಬೈಯಲಿಲ್ಲ; ಒಳಗಿನಿಂದ ತುಪ್ಪದ ಗಿಂಡಿ ತಂದು ಅವನ ಪಕ್ಕದಲ್ಲೇ ಇಟ್ಟರು.